ಅಮ್ಮನ ಕೈಗೆ ಕಸದಲ್ಲಿದ್ದ ಸೂಜಿ ಚುಚ್ಚಿದೆ, ಗುತ್ತಿಗೆದಾರರ ಕಡೆಯವರು ಹೆಬ್ಬೆಟ್ಟು ಕೇಳುತ್ತಿದ್ದಾರೆ. ಏನು ಮಾಡಲಿ?

ಬೆಳಗಿನ ಪಾಳಿ · ಸೋಮವಾರ ಸಂಜೆ 7:10

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮ ಬೆಂಗಳೂರಿನಲ್ಲಿ ಕಸದ ಆಟೊ ಟಿಪ್ಪರ್‌ನಲ್ಲಿ ಸಹಾಯಕಿ. ಒಂಬತ್ತು ವರ್ಷಗಳಿಂದ ಇದೇ ಕೆಲಸ. ಇವತ್ತು ಬೆಳಿಗ್ಗೆ ಎಂಟೂವರೆ ಸುಮಾರಿಗೆ, ಒಂದು ಅಪಾರ್ಟ್‌ಮೆಂಟ್‌ನಿಂದ ಬಂದ ಕಪ್ಪು ಚೀಲ ಬಿಚ್ಚಿ ಹಸಿ ಕಸ, ಒಣ ಕಸ ಬೇರೆ ಮಾಡುವಾಗ ಬಲಗೈ ಹೆಬ್ಬೆರಳಿಗೆ ಇಂಜೆಕ್ಷನ್ ಸೂಜಿ ಚುಚ್ಚಿದೆ. ಅನ್ನ, ಸಾರಿನ ಬೇಳೆ, ಹಾಲಿನ ಕವರ್‌ಗಳ ನಡುವೆ ಇತ್ತಂತೆ. ಅಮ್ಮ ಸೂಜಿ ಕಿತ್ತು ಎಸೆದು, ಬೆರಳು ಹಿಂಡಿ ರಕ್ತ ತೆಗೆದು, ಬಟ್ಟೆಯ ಚಿಂದಿ ಸುತ್ತಿಕೊಂಡು ಮಧ್ಯಾಹ್ನದವರೆಗೆ ಕೆಲಸ ಮಾಡಿದ್ದಾರೆ. ಮನೆಗೆ ಬಂದ ಮೇಲೂ ಹೇಳಲಿಲ್ಲ. ಊಟಕ್ಕೆ ಕುಳಿತಾಗ ಎಡಗೈಯಲ್ಲಿ ಲೋಟ ಹಿಡಿಯಲು ತಡಕಾಡುತ್ತಿದ್ದುದನ್ನು ನೋಡಿ ನಾನೇ ಕೇಳಿದೆ.

ಸಂಜೆ ಗುತ್ತಿಗೆದಾರರ ಕಡೆಯವರೊಬ್ಬರು ಮನೆಗೆ ಬಂದಿದ್ದರು. ಟೈಪ್ ಮಾಡಿದ ಕಾಗದ ತಂದಿದ್ದರು. "ನನಗೆ ಕೈಗವಸು ಕೊಟ್ಟಿದ್ದರೂ ನಾನು ಧರಿಸಿರಲಿಲ್ಲ. ಆದ ಗಾಯಕ್ಕೆ ನಾನೇ ಹೊಣೆ" ಎಂದು ಬರೆದಿದೆ. ಅಮ್ಮನಿಗೆ ಓದು ಬರುವುದಿಲ್ಲ. ಚುಚ್ಚಿದ ಬೆರಳನ್ನೇ ಶಾಯಿಗೆ ಒತ್ತಿ ಗುರುತು ಹಾಕಬೇಕಂತೆ. "ಹಾಕದಿದ್ದರೆ ನಾಳೆ ಗಾಡಿ ಹತ್ತುವುದು ಬೇಡ" ಎಂದು ಹೇಳಿ ಹೋಗಿದ್ದಾರೆ. ಕೈಗವಸು ಕೊಟ್ಟಿದ್ದು ನಿಜ. ಯುಗಾದಿಗೆ ಮೊದಲು ಒಂದು ಜೊತೆ. ಹತ್ತು ದಿನಕ್ಕೆ ಬೆರಳ ತುದಿಗಳು ಹರಿದವು. ಆಮೇಲೆ ಕೊಟ್ಟಿಲ್ಲ.

ನನ್ನ ಪ್ರಶ್ನೆ ಎರಡು. ಹೆಬ್ಬೆಟ್ಟು ಹಾಕಬೇಕೇ? ಮತ್ತು ಈ ಗಾಯ ಎಷ್ಟು ಗಂಭೀರ? ಬೀದಿಯ ಕ್ಲಿನಿಕ್‌ನಲ್ಲಿ ಟಿಟಿ ಚುಚ್ಚುಮದ್ದು ಹಾಕಿ, ಏನೂ ಆಗುವುದಿಲ್ಲ ಎಂದು ಕಳುಹಿಸಿದ್ದಾರೆ.

ವಾರ್ಡ್ ನರ್ಸ್ · 7:18

ಮಿಕ್ಕ ಮಾತೆಲ್ಲ ಆಮೇಲೆ. ಅಮ್ಮನನ್ನು ಕರೆದುಕೊಂಡು ಈಗಲೇ ಹೊರಡಿ.

ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. "ಕಸದಲ್ಲಿದ್ದ ಬಳಸಿದ ಸೂಜಿ ಚುಚ್ಚಿದೆ, ಯಾರದೆಂದು ಗೊತ್ತಿಲ್ಲ, ಪಿಇಪಿ ಬೇಕೇ ನೋಡಿ" ಎಂದು ಇದೇ ಮಾತಿನಲ್ಲಿ ಹೇಳಿ. ಎಚ್‌ಐವಿ ತಗುಲದಂತೆ ಕೊಡುವ ಔಷಧ ಅದು. ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ನಿಮಗೆ ಗುರುವಾರ ಬೆಳಿಗ್ಗೆ ಎಂಟೂವರೆವರೆಗೆ ಸಮಯ ಇದೆ ಎಂದು ಲೆಕ್ಕ ಹಾಕಿ ಕೂರಬೇಡಿ, ಒಂದೊಂದು ಗಂಟೆಯೂ ಮುಖ್ಯ. ಕೊಡಬೇಕೋ ಬೇಡವೋ ವೈದ್ಯರು ನಿರ್ಧರಿಸುತ್ತಾರೆ. ಕೊಟ್ಟರೆ 28 ದಿನ ಒಂದು ದಿನವೂ ತಪ್ಪಿಸದೆ ನುಂಗಬೇಕು.

ನಿಜಕ್ಕೂ ಹೆಚ್ಚು ಭಯ ಇರುವುದು ಯಕೃತ್ತಿಗೆ ತಗುಲುವ ಹೆಪಟೈಟಿಸ್ ಬಿ ಬಗ್ಗೆ. ಆ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಅಮ್ಮನಿಗೆ ಅದರ ಲಸಿಕೆ ಆಗಿದೆಯೇ ಎಂದು ಕೇಳುತ್ತಾರೆ. ಆಗಿಲ್ಲದಿದ್ದರೆ ಇವತ್ತೇ ಮೊದಲ ಡೋಸ್ ಕೇಳಿ.

ಇನ್ನೊಂದು ಮಾತು, ಇದನ್ನು ಓದುತ್ತಿರುವ ಎಲ್ಲರಿಗೂ: ಸೂಜಿ ಚುಚ್ಚಿದ ಜಾಗವನ್ನು ಹಿಂಡಬಾರದು, ಬಾಯಲ್ಲಿ ಚೀಪಬಾರದು, ಬ್ಲೀಚಿಂಗ್ ಪುಡಿ ಹಚ್ಚಬಾರದು. ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯಬೇಕು. ಅಷ್ಟೇ.

ಬೆಳಗಿನ ಪಾಳಿ · 7:21

ಹೊರಟಿದ್ದೇವೆ ಅಕ್ಕ. ಆಟೊದಲ್ಲಿದ್ದೇವೆ.

ಕಾರ್ಮಿಕ ಕೋರ್ಟು · 7:34

ಹೆಬ್ಬೆಟ್ಟು ಹಾಕಬೇಡಿ. ಯಾವ ಕಾರಣಕ್ಕೂ ಹಾಕಬೇಡಿ. ಆ ಕಾಗದದ ಫೋಟೋ ಇದ್ದರೆ ತೆಗೆದಿಡಿ.

ಅವರು ಯಾಕೆ ಆ ವಾಕ್ಯವನ್ನೇ ಬರೆಸಿದ್ದಾರೆ ಗೊತ್ತೇ? ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡುವ ಕಾನೂನಿನಲ್ಲಿ 1923ರಿಂದಲೂ ಒಂದು ವಿನಾಯಿತಿ ಇದೆ. ಸುರಕ್ಷತೆಗೆಂದು ಕೊಟ್ಟ ಸಾಧನವನ್ನು ಕಾರ್ಮಿಕರು ಬೇಕೆಂದೇ ತೆಗೆದುಹಾಕಿದ್ದರೆ, ಕೆಲವು ಬಗೆಯ ಗಾಯಗಳಿಗೆ ಮಾಲೀಕರು ಹೊಣೆಯಲ್ಲ ಎಂದು. ಸಾವಿಗೂ ಪೂರ್ಣ ಅಂಗವೈಕಲ್ಯಕ್ಕೂ ಆ ವಿನಾಯಿತಿ ಸಿಗುವುದಿಲ್ಲ. ಹರಿದುಹೋದ ಕೈಗವಸನ್ನು ಹಾಕದಿರುವುದು "ಬೇಕೆಂದೇ ತೆಗೆದುಹಾಕಿದ್ದು" ಆಗುವುದಿಲ್ಲ. ಆದರೆ ನೀವೇ ಬರೆದುಕೊಟ್ಟರೆ ಆಗಿಬಿಡುತ್ತದೆ.

ಆಸ್ಪತ್ರೆಯಲ್ಲಿ ಚೀಟಿ ಬರೆಯುವಾಗ "ಕೆಲಸದ ವೇಳೆಯಲ್ಲಿ ಆದ ಗಾಯ" ಎಂದು ಸ್ಪಷ್ಟವಾಗಿ ಬರೆಸಿ. ಸಮಯ, ರಸ್ತೆ, ಗಾಡಿಯ ಸಂಖ್ಯೆ ನಮೂದಾಗಲಿ. ಹರಿದ ಕೈಗವಸು ಮನೆಯಲ್ಲಿದ್ದರೆ ಎಸೆಯಬೇಡಿ. ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ನೋಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರ ವ್ಯಾಪ್ತಿಗೆ ಬರುತ್ತಾರೆ. ಕೆಲಸದಲ್ಲಿ ಗಾಯವಾದರೆ ಮೊದಲ ದಿನ ಕೆಲಸಕ್ಕೆ ಸೇರಿದವರಿಗೂ ಅದು ಅನ್ವಯಿಸುತ್ತದೆ, ರಜೆಯ ದಿನಗಳಿಗೆ ಸಂಬಳದ ಸುಮಾರು ಶೇ 90ರಷ್ಟು ಕೊಡುತ್ತಾರೆ. ಯಾರ ತಪ್ಪು ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಹಳೆಯ ಮೇಸ್ತ್ರಿ · 8:02

ತಾಯಿಗೆ ಬೇಗ ಗುಣವಾಗಲಿ. ಆದರೆ ಎಲ್ಲರೂ ಒಂದೇ ಕಡೆ ಮಾತನಾಡುತ್ತಿದ್ದೀರಿ. ನಾನು ಏಳು ವರ್ಷ ಮಸ್ಟರಿಂಗ್ ಪಾಯಿಂಟ್‌ನಲ್ಲಿ ನಿಂತು ಹಾಜರಿ ತೆಗೆದುಕೊಂಡವನು. ಗ್ಲೌಸ್, ಬೂಟು, ಮಾಸ್ಕ್ ಕೊಟ್ಟರೂ ಅರ್ಧದಷ್ಟು ಜನ ಹಾಕುವುದಿಲ್ಲ. ಹಾಜರಿಗೆ ಹಾಕಿಕೊಂಡು ಬರುತ್ತಾರೆ, ಫೋಟೋ ಆದ ಮೇಲೆ ತೆಗೆದು ಗಾಡಿಯ ಕೊಕ್ಕೆಗೆ ನೇತು ಹಾಕುತ್ತಾರೆ. ಹೇಳಿ ಹೇಳಿ ನನ್ನ ಗಂಟಲು ಬತ್ತಿತ್ತು. ಜವಾಬ್ದಾರಿ ಎರಡೂ ಕಡೆ ಇರಬೇಕಲ್ಲವೇ?

ಒಣಕಸದ ಕೇಂದ್ರ · 8:15

ಮೇಸ್ತ್ರಿಯವರೇ, ಯಾಕೆ ತೆಗೆಯುತ್ತಾರೆ ಎಂದು ಒಂದು ದಿನವಾದರೂ ಕೇಳಿದ್ದೀರಾ?

ನಾನು ಹನ್ನೊಂದನೇ ವಯಸ್ಸಿನಿಂದ ಕಸ ಆಯ್ದವಳು. ಈಗ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಆರು ಜನರ ಜೊತೆ ಕೆಲಸ ಮಾಡುತ್ತೇನೆ. ಪಾತ್ರೆ ತೊಳೆಯುವ ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ನೀವು ಒಂದು ಪ್ಲಾಸ್ಟಿಕ್ ಕವರ್‌ನ ಗಂಟು ಬಿಚ್ಚಿ ನೋಡಿ. ಬರುವುದಿಲ್ಲ. ಒಳಗೆ ಬೆವರು ತುಂಬಿ ಅರ್ಧ ಗಂಟೆಗೆ ಬೆರಳುಗಳು ನೀರಲ್ಲಿ ನೆನೆದಂತಾಗುತ್ತವೆ. ಹೊರಗೆ ಕಸದ ನೀರು ತಾಗಿ ಜಾರುತ್ತದೆ. ಎಲ್ಲರಿಗೂ ಒಂದೇ ಅಳತೆ, ಗಂಡಸಿನ ಕೈಯ ಅಳತೆ. ನನ್ನ ಬೆರಳಿಗಿಂತ ಗ್ಲೌಸಿನ ಬೆರಳು ಒಂದು ಅಂಗುಲ ಉದ್ದ. ಆ ಉದ್ದದ ತುದಿ ಕಸ ಒತ್ತುವ ಗಾಡಿಯ, ಅಂದರೆ ಕಾಂಪ್ಯಾಕ್ಟರ್‌ನ, ಬಾಯಿಗೆ ಸಿಕ್ಕರೆ ಏನಾಗುತ್ತದೆ ಹೇಳಿ.

ಮುಖ್ಯವಾದದ್ದು, ಆ ಗ್ಲೌಸ್ ಸೂಜಿಯನ್ನು ತಡೆಯುವುದೇ ಇಲ್ಲ. ರಬ್ಬರ್ ದಾಟಿಕೊಂಡೇ ಚುಚ್ಚುತ್ತದೆ. ಸೂಜಿ ತಡೆಯುವ ಗ್ಲೌಸ್ ಬೇರೆಯೇ ಇದೆ, ಅದರ ಬೆಲೆಯೂ ಬೇರೆ. ಅದನ್ನು ನಮಗೆ ಯಾರೂ ಕೊಟ್ಟಿಲ್ಲ.

ಪೀಣ್ಯ ಶಿಫ್ಟ್ · 8:31

ಒಣಕಸದ ಕೇಂದ್ರ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ನಮಗೆ ಮೊದಲ ದಿನ ಕಲಿಸುವ ಪಾಠವೇ ಇದು: ಮೊದಲು ಅಪಾಯವನ್ನೇ ತೆಗೆ, ಆಗದಿದ್ದರೆ ಅಪಾಯದಿಂದ ಮನುಷ್ಯನನ್ನು ದೂರ ಇಡು, ಅದೂ ಆಗದಿದ್ದರೆ ಕೆಲಸದ ಕ್ರಮ ಬದಲಿಸು, ಇಷ್ಟೆಲ್ಲ ಆದ ಮೇಲೆ ಉಳಿದ ಅಪಾಯಕ್ಕೆ ಗ್ಲೌಸ್. ಕಸದ ಕೆಲಸದಲ್ಲಿ ಈ ಸಾಲನ್ನು ತಲೆಕೆಳಗು ಮಾಡಿ ಗ್ಲೌಸ್‌ನಿಂದ ಶುರು ಮಾಡಿ ಗ್ಲೌಸ್‌ನಲ್ಲೇ ಮುಗಿಸುತ್ತಾರೆ. ಕಟ್ಟಿದ ಚೀಲವನ್ನು ಬರಿಗೈಯಲ್ಲಿ ಬಿಚ್ಚುವ ಕೆಲಸವೇ ಇರಬಾರದು.

2016ರ ಘನತ್ಯಾಜ್ಯ ನಿಯಮಗಳಲ್ಲಿ ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ರೇನ್‌ಕೋಟ್, ಸೂಕ್ತ ಪಾದರಕ್ಷೆ, ಮಾಸ್ಕ್ ಎಲ್ಲವನ್ನೂ ಹೆಸರಿಸಿದ್ದರು. ಕೊಡುವುದಷ್ಟೇ ಅಲ್ಲ, ಬಳಕೆಯಾಗುವಂತೆ ನೋಡಿಕೊಳ್ಳಬೇಕು ಎಂದೂ ಇತ್ತು. ಬಳಸಲಾಗದ್ದನ್ನು ಕೊಟ್ಟು ಸಹಿ ಪಡೆಯುವುದು ನಿಯಮ ಪಾಲನೆ ಅಲ್ಲ.

ಮೂರನೇ ಮಹಡಿ · 8:44

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಮ್ಮ ಕಟ್ಟಡದಲ್ಲಿ 64 ಮನೆಗಳಿವೆ. ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ, ಎಲ್ಲವನ್ನೂ ಇಟ್ಟುಕೊಂಡಿದ್ದೇವೆ. ಕೆಳಗೆ ಗಾಡಿ ಬಂದಾಗ ಎಲ್ಲವನ್ನೂ ಒಂದೇ ಕಡೆ ಸುರಿಯುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ನೋಡಿದ ಮೇಲೆ ಅರ್ಧ ಮನೆಯವರು ಬೇರ್ಪಡಿಸುವುದನ್ನೇ ಬಿಟ್ಟರು. ಮೊದಲು ಗಾಡಿಯವರು ಸರಿಯಾಗಲಿ.

ಒಣಕಸದ ಕೇಂದ್ರ · 8:52

64ರಲ್ಲಿ ಅರ್ಧ ಮನೆಯವರು ಬಿಟ್ಟ ಕೂಡಲೇ ಇನ್ನರ್ಧ ಮನೆಯವರ ಶ್ರಮವೂ ಹಾಳಾಯಿತು. ಮೂವತ್ತೆರಡು ಕಲಬೆರಕೆ ಚೀಲಗಳನ್ನು ಇಬ್ಬರು ಹೆಂಗಸರು ಚಲಿಸುವ ಗಾಡಿಯ ಮೇಲೆ ನಿಂತು ಬಿಚ್ಚಬೇಕು. ಮುಂದಿನ ಬೀದಿಯವರು ಸೀಟಿ ಕೇಳಿ ಗೇಟಿನಲ್ಲಿ ಕಾಯುತ್ತಿರುತ್ತಾರೆ, ತಡವಾದರೆ ದೂರು. ಅವರು ಏನು ಮಾಡಬೇಕು ನೀವೇ ಹೇಳಿ.

ಮೂರನೇ ಮಹಡಿ · 8:57

ಚಲಿಸುವ ಗಾಡಿಯ ಮೇಲೆ ಬೇರ್ಪಡಿಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಆದರೂ ಎಲ್ಲ ತಪ್ಪು ಮನೆಯವರದೇ ಎಂದರೆ ಒಪ್ಪುವುದಿಲ್ಲ.

ತಿಂಡಿ ಗಾಡಿ · 9:03

2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲ ಕಡ್ಡಾಯ ಎಂದಿತ್ತು. ಎಷ್ಟು ವರ್ಷವಾಯಿತು ಲೆಕ್ಕ ಹಾಕಿ.

ನಾಲ್ಕು ಸೂಜಿ · 9:26

ಇದನ್ನು ಬರೆಯಬೇಕೋ ಬೇಡವೋ ಎಂದು ಒಂದು ಗಂಟೆ ಯೋಚಿಸಿದೆ. ನನಗೆ 22 ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ನಾಲ್ಕು ಸೂಜಿ ಎಂದರೆ ವರ್ಷಕ್ಕೆ 1,460. ಇಷ್ಟು ವರ್ಷ ಅವನ್ನೆಲ್ಲ ಮುಚ್ಚಳ ಹಾಕಿ ಅಡುಗೆಮನೆಯ ಕಸದ ಬುಟ್ಟಿಗೇ ಹಾಕಿದ್ದೇನೆ. ಮುಚ್ಚಳ ಹಾಕಿದ್ದೇನಲ್ಲ, ಸಾಕು ಎಂದುಕೊಂಡಿದ್ದೆ. ಇವತ್ತು ಹೋಗಿ ಬುಟ್ಟಿಯನ್ನು ಕಾಗದದ ಮೇಲೆ ಸುರಿದು ನೋಡಿದೆ. ನಾಲ್ಕರಲ್ಲಿ ಎರಡರ ಮುಚ್ಚಳ ಕಳಚಿತ್ತು.

ನನ್ನ ವೈದ್ಯರು ಎಷ್ಟು ಯೂನಿಟ್, ಹೊಟ್ಟೆಯ ಯಾವ ಭಾಗಕ್ಕೆ, ಎಲ್ಲ ಹೇಳಿಕೊಟ್ಟರು. ಸೂಜಿಯನ್ನು ಎಲ್ಲಿ ಹಾಕಬೇಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ತಾಯಿಗೆ ಚುಚ್ಚಿದ್ದು ನನ್ನ ಸೂಜಿ ಅಲ್ಲದಿರಬಹುದು. ಇಷ್ಟು ವರ್ಷದಲ್ಲಿ ಯಾರಿಗೋ ಒಬ್ಬರಿಗೆ ನನ್ನದು ಚುಚ್ಚಿರಲೇಬೇಕು. ದಯವಿಟ್ಟು ಹೇಳಿ, ಎಲ್ಲಿ ಹಾಕಬೇಕು?

ವಾರ್ಡ್ ನರ್ಸ್ · 9:40

ಬರೆದಿದ್ದು ಒಳ್ಳೆಯದಾಯಿತು. ಬಟ್ಟೆ ಒಗೆಯುವ ದ್ರವದ್ದೋ ಫಿನಾಯಿಲ್‌ನದೋ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ನೀರಿನ ಬಾಟಲಿ ಬೇಡ, ಅದು ತೆಳು, ಸೂಜಿ ಹೊರಗೆ ಬರುತ್ತದೆ. ಸೂಜಿ ಬಳಸಿದ ಕೂಡಲೇ ಡಬ್ಬಿಗೆ ಹಾಕಿ. ಮುಕ್ಕಾಲು ತುಂಬಿದಾಗ ಮುಚ್ಚಳ ತಿರುಗಿಸಿ ಟೇಪ್ ಸುತ್ತಿ, ಮೇಲೆ ದೊಡ್ಡದಾಗಿ "ಸೂಜಿ" ಎಂದು ಬರೆಯಿರಿ. ನೀವು ತೋರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಕೇಳಿ ಕೊಡಿ, ಅವರ ಬಳಿ ಸೂಜಿಗಳಿಗೆಂದೇ ಬಿಳಿ ಡಬ್ಬಿಯ ವ್ಯವಸ್ಥೆ ಇರುತ್ತದೆ. ಅವರು ತೆಗೆದುಕೊಳ್ಳದಿದ್ದರೆ ಗಾಡಿಯವರ ಕೈಗೆ ಬೇರೆಯಾಗಿ, ಬಾಯಲ್ಲಿ ಹೇಳಿ ಕೊಡಿ. ಬಳಸಿದ ಸೂಜಿ, ಸಿರಿಂಜ್, ಟ್ಯೂಬ್‌ಲೈಟ್, ಬ್ಯಾಟರಿ, ಅವಧಿ ಮುಗಿದ ಔಷಧ ಇವೆಲ್ಲ ಮನೆಯ ಅಪಾಯಕಾರಿ ತ್ಯಾಜ್ಯ ಎಂದು 2016ರ ನಿಯಮದಲ್ಲೇ ಇತ್ತು. ಯಾವ ಬುಟ್ಟಿಗೂ ಬೆರೆಸಬಾರದು.

ಗ್ರೀಸ್ ಕೈ · 10:05

ಗ್ಲೌಸ್, ಸೂಜಿ ಸರಿ. ಗಾಡಿಯ ವಿಷಯ ಯಾರೂ ಎತ್ತಿಲ್ಲ. ನಾನು ಕಾಂಪ್ಯಾಕ್ಟರ್ ರಿಪೇರಿ ಮಾಡುವವನು, ಹದಿನಾಲ್ಕು ವರ್ಷದಿಂದ ಹೈಡ್ರಾಲಿಕ್ ಕೆಲಸ.

ಕಾಂಪ್ಯಾಕ್ಟರ್‌ನ ಹಿಂದೆ ಕಸ ಸುರಿಯುವ ಬಾಯಿ ಇರುತ್ತದಲ್ಲ, ಅದರೊಳಗೆ ಅಗಲವಾದ ಉಕ್ಕಿನ ಹಲಗೆ ಇಳಿದು ಕಸವನ್ನು ಗುಡಿಸಿ ಒಳಗೆ ಒತ್ತುತ್ತದೆ. ಅದಕ್ಕೆ ಕೈಯೂ ಒಂದೇ, ತೆಂಗಿನ ಗರಿಯೂ ಒಂದೇ. ಪಕ್ಕದಲ್ಲಿ ಕೆಂಪು ಗುಂಡಿ ಇರಬೇಕು, ಒತ್ತಿದರೆ ತಕ್ಷಣ ನಿಲ್ಲಬೇಕು. ನನ್ನ ಬಳಿ ಬರುವ ಗಾಡಿಗಳಲ್ಲಿ ಕೆಲವಕ್ಕೆ ಗುಂಡಿಯ ಜಾಗದಲ್ಲಿ ತೂತು ಮಾತ್ರ ಇರುತ್ತದೆ. ಎರಡು ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಹಲಗೆ ಇಳಿಯಬೇಕೆಂದು ಮಾಡಿದ ಲಿವರ್‌ಗೆ ತಂತಿ ಕಟ್ಟಿರುತ್ತಾರೆ, ಒಂದು ಕೈ ಕಸ ತಳ್ಳಲು ಸಿಗಲಿ ಎಂದು. ತಂತಿ ಬಿಚ್ಚಿ ಕಳುಹಿಸುತ್ತೇನೆ. ಮುಂದಿನ ಸರ್ವಿಸ್‌ಗೆ ಮತ್ತೆ ತಂತಿ ಕಟ್ಟಿಕೊಂಡೇ ಬರುತ್ತದೆ.

ನಮ್ಮವರ ತಪ್ಪೂ ಇದೆ. ಹಿಂಬಾಗಿಲು ಎತ್ತಿದಾಗ ಕೆಳಗೆ ಆಸರೆಯ ಕಂಬಿ ಕೊಡದೆ ಪೈಪ್ ಬಿಚ್ಚುವವರಿದ್ದಾರೆ. ಪೈಪ್ ಬಿಚ್ಚಿದ ಕ್ಷಣ ಎಣ್ಣೆಯ ಒತ್ತಡ ಹೋಗುತ್ತದೆ, ನೂರಾರು ಕಿಲೋ ಬಾಗಿಲು ಕೆಳಗೆ ಬೀಳುತ್ತದೆ. ನನ್ನ ಜೊತೆ ಕೆಲಸ ಕಲಿತ ಹುಡುಗನೊಬ್ಬನ ಎಡಗೈಯಲ್ಲಿ ಈಗ ಎರಡೇ ಬೆರಳುಗಳಿವೆ. ಅವತ್ತಿನಿಂದ ನಾನು ಕಂಬಿಯನ್ನು ಕೈಯಾರೆ ಅಲ್ಲಾಡಿಸಿ ನೋಡದೆ ಒಳಗೆ ತಲೆ ಹಾಕುವುದಿಲ್ಲ.

ಬರ್ಮಿಂಗ್‌ಹ್ಯಾಂ ಚಳಿ · 10:22

ನಾನು ಹಾಸನದವನು, ಈಗ ಬರ್ಮಿಂಗ್‌ಹ್ಯಾಂನಲ್ಲಿದ್ದೇನೆ. 2025ರ ಮಾರ್ಚ್ 11ರಿಂದ ಇಲ್ಲಿ ಕಸ ಸಂಗ್ರಹಿಸುವವರು ಅನಿರ್ದಿಷ್ಟ ಮುಷ್ಕರ ಹೂಡಿದರು, ಬೀದಿಯಲ್ಲಿ ಚೀಲಗಳ ಗುಡ್ಡ. ಜಗಳ ಶುರುವಾಗಿದ್ದು ಗಾಡಿಯ ತಂಡದಲ್ಲಿದ್ದ ಒಂದು ಹುದ್ದೆಯನ್ನು ನಗರ ಮಂಡಳಿ ತೆಗೆದಿದ್ದರಿಂದ. ಸುರಕ್ಷತೆಗೆ ಆ ಹುದ್ದೆ ಬೇಕೇ ಬೇಕು ಎಂದು ಕಾರ್ಮಿಕ ಸಂಘ, ಅಗತ್ಯವಿಲ್ಲ ಎಂದು ಮಂಡಳಿ. ಗಾಲಿ ಇರುವ ಡಬ್ಬಿಗಳನ್ನು ಯಂತ್ರವೇ ಎತ್ತಿ ಸುರಿಯುವ ಊರಿನಲ್ಲೂ ಇದೇ ಜಗಳ.

ಹಳೆಯ ಮೇಸ್ತ್ರಿ · 10:30

ಇಂಗ್ಲೆಂಡಿನ ಮಾತು ಇಲ್ಲಿ ಯಾಕೆ? ಅಲ್ಲಿಯ ಸಂಬಳ, ಅಲ್ಲಿಯ ರಸ್ತೆ ಬೇರೆ.

ಗ್ರೀಸ್ ಕೈ · 10:34

ರಸ್ತೆ ಬೇರೆ, ಕಾಂಪ್ಯಾಕ್ಟರ್ ಒಂದೇ ಮೇಸ್ತ್ರಿ. ಗಾಡಿ ಹಿಂದಕ್ಕೆ ಬರುವಾಗ ಹಿಂದೆ ನಿಂತು ಕೈ ಸನ್ನೆ ಮಾಡುವವನು ಒಬ್ಬ ಬೇಕು. ನಮ್ಮಲ್ಲಿ ಆ ಒಬ್ಬನೇ ಚೀಲವನ್ನೂ ಎತ್ತಬೇಕು, ಫುಟ್‌ಬೋರ್ಡ್ ಮೇಲೆ ನೇತಾಡಿಕೊಂಡೂ ಬರಬೇಕು.

ಪಚ್ಚನಾಡಿ ಹತ್ತಿರ · 10:41

ಕಸ ಗಾಡಿಯಿಂದ ಇಳಿದ ಮೇಲೂ ಅಪಾಯ ಮುಗಿಯುವುದಿಲ್ಲ ಮಾರಾಯರೇ. 2019ರ ಆಗಸ್ಟ್ ಮಳೆಗೆ ನಮ್ಮ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರ ಎಂಬ ಊರಿನ ಕಡೆಗೆ ಹರಿದು ಬಂತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೋದವು, ಜನ ಮನೆ ಬಿಟ್ಟು ಹೋದರು. ಗುಡ್ಡದ ಹಾಗೆ ನಿಂತ ಕಸದ ಮೇಲೆ ಜೆಸಿಬಿ ಓಡಿಸುವವರ ಎದೆ ಹೇಗಿರಬೇಕು ಯೋಚಿಸಿ. ಬೆಂಗಳೂರಿನವರು ಮಂಡೂರಿಗೆ 2014ರ ಕೊನೆಯವರೆಗೂ ಸುರಿದರಲ್ಲ, ಅಲ್ಲಿಯ ಬಾವಿ ನೀರನ್ನು ಈಗಲೂ ಯಾರೂ ಕೇಳುವುದಿಲ್ಲ.

ಮೂರನೇ ಮಹಡಿ · 10:58

ಅಪಾರ್ಟ್‌ಮೆಂಟ್ ಮಾತು ಬಂದಿದ್ದರಿಂದ ಒಂದು ಘಟನೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಕಟ್ಟಡದ ಕೊಳಚೆ ನೀರು ಶುದ್ಧೀಕರಣ ಘಟಕದ ಪಂಪ್ ಕಟ್ಟಿಕೊಂಡಿತು. ಯಾರೋ ಇಬ್ಬರು ಹುಡುಗರನ್ನು ಕರೆತಂದರು, ಇಬ್ಬರಿಗೂ ಸೇರಿ ಮೂರು ಸಾವಿರ. ತೊಟ್ಟಿಯ ಮುಚ್ಚಳ ತೆಗೆದು, ಒಬ್ಬ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ. ನಮ್ಮ ಕಾವಲುಗಾರರು, ಯಾದಗಿರಿ ಕಡೆಯ ಹಿರಿಯರು, ಓಡಿ ಬಂದು ಮುಚ್ಚಳವನ್ನು ಮತ್ತೆ ಎಳೆದು ಹಾಕಿ ಅದರ ಮೇಲೆಯೇ ಕುಳಿತುಬಿಟ್ಟರು. "ನನ್ನ ತಮ್ಮ ಇಂಥದ್ದೇ ಗುಂಡಿಗೆ ಇಳಿದು ಬರಲಿಲ್ಲ, ನಾನು ಏಳುವುದಿಲ್ಲ" ಎಂದರು. ಅಧ್ಯಕ್ಷರು ಕೂಗಾಡಿದರು. ಅವರು ಏಳಲಿಲ್ಲ. ಮರುದಿನ ಹೀರುವ ಯಂತ್ರ ತರಿಸಿದೆವು, ಒಂದೂವರೆ ಗಂಟೆಯ ಕೆಲಸ.

ಅವತ್ತು ನಾನು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ಕೆಳಗೆ ಇಳಿದು ಹೋಗಿ ಮಾತನಾಡಲಿಲ್ಲ. ಅದು ಈಗಲೂ ನನ್ನನ್ನು ಕಾಡುತ್ತದೆ.

ಪೀಣ್ಯ ಶಿಫ್ಟ್ · 11:10

ಆ ಹಿರಿಯರು ಎರಡು ಜೀವ ಉಳಿಸಿದರು. ಕೊಳಚೆ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡಿರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗು ಸತ್ತುಹೋಗಿ ವಾಸನೆಯೇ ತಿಳಿಯುವುದಿಲ್ಲ, ಇಳಿದವನು ವಾಸನೆ ಹೋಯಿತು ಎಂದುಕೊಳ್ಳುತ್ತಾನೆ. ನಂತರ ಕೆಲವೇ ಉಸಿರು. ಬಿದ್ದವನನ್ನು ಎತ್ತಲು ಹೋದ ಎರಡನೆಯವನು, ಮೂರನೆಯವನು ಹೀಗೆಯೇ ಸಾಯುವುದು.

ಕಾರ್ಮಿಕ ಕೋರ್ಟು · 11:19

ಅಪಾರ್ಟ್‌ಮೆಂಟ್ ಸಂಘಗಳು ಗಮನಿಸಲಿ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೋ ಮಲದ ಗುಂಡಿಗೋ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ನಿಯಮಗಳಲ್ಲಿ 44 ರಕ್ಷಣಾ ಸಾಧನಗಳ ಪಟ್ಟಿಯೇ ಇದೆ. ಒಳಚರಂಡಿ ಸಾವಿಗೆ 10 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಹಾವೇರಿ ಮೇಷ್ಟ್ರು · 11:37

ಕಾನೂನು ನಮ್ಮಲ್ಲಿ ಮೊದಲಿನಿಂದಲೂ ಇತ್ತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಪೌರಕಾರ್ಮಿಕರ ಬದುಕು, ದುಡಿಮೆಯ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ ಬಂದದ್ದು 1976ರಲ್ಲಿ. ಅಷ್ಟಾದ ಮೇಲೆ, 2010ರ ಜುಲೈನಲ್ಲಿ, ನಮ್ಮ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಆ ದಿನ ಪತ್ರಿಕೆ ಹಿಡಿದು ತರಗತಿಗೆ ಹೋದ ನನಗೆ ಪಾಠ ಮಾಡಲಾಗಲಿಲ್ಲ.

ಗ್ಲೌಸ್ ಅಳತೆ ಸರಿಯಿಲ್ಲ ಎಂಬುದು ಸಣ್ಣ ದೂರು ಎಂದುಕೊಳ್ಳಬೇಡಿ. ಈ ಕೆಲಸವನ್ನು ಯಾವ ಜಾತಿಯವರು ಮಾಡುತ್ತಾರೆ ಎಂಬುದಕ್ಕೂ, ಅವರ ಕೈಯ ಅಳತೆಯನ್ನು ಯಾರೂ ತೆಗೆದುಕೊಳ್ಳದಿರುವುದಕ್ಕೂ ಸಂಬಂಧ ಇದೆ.

ತಿಂಡಿ ಗಾಡಿ · 11:45

ಮೇಷ್ಟ್ರೇ, ನಮ್ಮ ಗಾಡಿಯ ಹತ್ತಿರ ಬೆಳಿಗ್ಗೆ ಹತ್ತು ಗಂಟೆಗೆ ಪೌರಕಾರ್ಮಿಕ ಅಕ್ಕಂದಿರು ತಿಂಡಿಗೆ ಬರುತ್ತಾರೆ. ಕೈ ತೊಳೆಯಲು ಎಲ್ಲಿಯೂ ನಲ್ಲಿ ಇಲ್ಲ. ನಾನು ಒಂದು ಕೊಡ ನೀರು, ಸೋಪು ಬೇರೆಯಾಗಿ ಇಟ್ಟಿದ್ದೇನೆ. ಶೌಚಾಲಯ ಹತ್ತಿರ ಇಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ. ಇದೂ ಸುರಕ್ಷತೆಯ ವಿಷಯವೇ ಅಲ್ಲವೇ?

ವಾರ್ಡ್ ನರ್ಸ್ · 11:49

ಖಂಡಿತ. ಮೂತ್ರನಾಳದ ಸೋಂಕಿಗೆ ಬರುವವರಲ್ಲಿ ಇವರನ್ನು ಎಷ್ಟು ನೋಡಿದ್ದೇನೆ!

ನಿರ್ವಾಹಕ · 11:55

ಕಸದ ಗುಡ್ಡ, ಒಳಚರಂಡಿ ಬಗ್ಗೆ ಬೇರೆ ಚರ್ಚೆ ಆರಂಭಿಸಿದರೆ ಒಳ್ಳೆಯದು. ಇಲ್ಲಿ ಮೊದಲು ಕೇಳಿದವರ ಪ್ರಶ್ನೆಯ ಮೇಲೆ ಗಮನ ಇರಲಿ.

ಬೆಳಗಿನ ಪಾಳಿ · ಮಂಗಳವಾರ ಬೆಳಿಗ್ಗೆ 6:50

ಎಲ್ಲವನ್ನೂ ಈಗ ಓದಿದೆ. ರಾತ್ರಿ 10:20ಕ್ಕೆ ಅಮ್ಮನಿಗೆ ಮೊದಲ ಮಾತ್ರೆ ಕೊಟ್ಟರು, 28 ದಿನಕ್ಕೆ ಬರೆದಿದ್ದಾರೆ. ರಕ್ತ ತೆಗೆದುಕೊಂಡರು, ಆರು ವಾರದ ನಂತರ ಮತ್ತೆ ಬರಲು ಹೇಳಿದ್ದಾರೆ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ವೈದ್ಯರು ಕೇಳಿದರು. ಒಂಬತ್ತು ವರ್ಷದಲ್ಲಿ ಯಾರೂ ಹಾಕಿಸಿಲ್ಲ. ಮೊದಲ ಡೋಸ್ ನಿನ್ನೆ ರಾತ್ರಿ ಆಯಿತು. ಚೀಟಿಯಲ್ಲಿ "ಕೆಲಸದ ವೇಳೆ" ಎಂದು ಬರೆಸಿದ್ದೇನೆ.

ಹೆಬ್ಬೆಟ್ಟು ಹಾಕಲಿಲ್ಲ. ಬೆಳಿಗ್ಗೆ ಐದೂವರೆಗೆ ಅವರು ಮತ್ತೆ ಫೋನ್ ಮಾಡಿದರು. ಅಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ನಾನು ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇನೆ, ಕಾಗದ ಅಲ್ಲಿಗೇ ತನ್ನಿ" ಎಂದರು. ಅಮ್ಮ ಹಾಗೆ ಮಾತನಾಡಿದ್ದನ್ನು ನಾನು ಇದೇ ಮೊದಲು ಕೇಳಿದ್ದು. ಅವರು ಫೋನ್ ಇಟ್ಟರು.

ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆ. ಕಾರ್ಡ್ ಯಾವತ್ತೂ ಕೈಗೆ ಬಂದಿಲ್ಲ.

ಕಾರ್ಮಿಕ ಕೋರ್ಟು · 8:05

ಕಡಿತ ಇದ್ದರೆ ಅಮ್ಮನ ಹೆಸರಿನಲ್ಲಿ ವಿಮಾ ಸಂಖ್ಯೆ ಇರಲೇಬೇಕು. ಆಧಾರ್ ಮತ್ತು ಸಂಬಳದ ಚೀಟಿ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ಅಮ್ಮನ ಸಂಬಳದಿಂದ ಶೇ 0.75, ಕೆಲಸ ಕೊಟ್ಟವರಿಂದ ಶೇ 3.25 ಜಮೆಯಾಗಬೇಕು. ಕತ್ತರಿಸಿಯೂ ಜಮೆ ಮಾಡಿಲ್ಲವೆಂದಾದರೆ ಅದು ಇನ್ನೂ ದೊಡ್ಡ ತಪ್ಪು. ಅಪಘಾತದ ವರದಿ ಸಲ್ಲಿಸಲು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.

ಹಳೆಯ ಮೇಸ್ತ್ರಿ · 9:20

ರಾತ್ರಿಯೆಲ್ಲ ಇದನ್ನೇ ಯೋಚಿಸಿದೆ. ಲಸಿಕೆಯ ಮಾತು ನನ್ನ ಏಳು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ. ಆರೋಗ್ಯ ಶಿಬಿರ ಎಂದರೆ ಬಿಪಿ ನೋಡಿ, ಸಕ್ಕರೆ ನೋಡಿ, ಫೋಟೋ ತೆಗೆದು ಕಳುಹಿಸುತ್ತಿದ್ದೆವು. ಗ್ಲೌಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದರೆ ಅಳತೆ ಕೇಳದೆ ಹಂಚಿದ್ದು ನಾನೇ. ಒಂದು ವಿಷಯ ತಿಳಿದಿರಲಿ: 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರು, 2022ರ ಜುಲೈ ಮುಷ್ಕರದ ಫಲ ಅದು. ಅವರು ಬೀದಿ ಗುಡಿಸುವವರು. ನಿಮ್ಮ ತಾಯಿಯಂತೆ ಗಾಡಿಯ ಮೇಲಿರುವವರು ಇನ್ನೂ ಗುತ್ತಿಗೆಯಲ್ಲೇ ಇದ್ದಾರೆ. ಹೆಬ್ಬೆಟ್ಟು ಕೇಳುವ ಧೈರ್ಯ ಗುತ್ತಿಗೆದಾರರಿಗೆ ಅಲ್ಲಿಂದ ಬರುತ್ತದೆ.

ನಾಲ್ಕು ಸೂಜಿ · ಬುಧವಾರ ಸಂಜೆ 5:15

ಫಿನಾಯಿಲ್ ಡಬ್ಬಿ ತೊಳೆದು ಇಟ್ಟಿದ್ದೇನೆ. ಎಂಟು ಸೂಜಿ ಬಿದ್ದಿವೆ. ಔಷಧ ಅಂಗಡಿಯಲ್ಲಿ ಕೇಳಿದೆ, ತೆಗೆದುಕೊಳ್ಳುವುದಿಲ್ಲವೆಂದರು. ಆಸ್ಪತ್ರೆಯ ಲ್ಯಾಬ್‌ನಲ್ಲಿ ಒಪ್ಪಿದ್ದಾರೆ. ನಮ್ಮ ಬೀದಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೂ ಏಳು ಜನ ಇದ್ದಾರೆ, ಎಲ್ಲರ ಮನೆಗೂ ಹೋಗಿ ಬಂದೆ. ಐವರು ಡಬ್ಬಿ ಇಟ್ಟಿದ್ದಾರೆ.

ಮೂರನೇ ಮಹಡಿ · ಬುಧವಾರ ರಾತ್ರಿ 8:40

ಇವತ್ತು ಬೆಳಿಗ್ಗೆ ಕೆಳಗೆ ಇಳಿದು ಗಾಡಿ ಬಂದಾಗ ಪಕ್ಕದಲ್ಲೇ ನಿಂತಿದ್ದೆ. ಎರಡು ಭಾಗ ಮಾಡುವ ತಗಡು ಮುರಿದುಹೋಗಿದೆ, ಅದಕ್ಕೇ ಎಲ್ಲವೂ ಒಂದಾಗುತ್ತದೆ. ಸಹಾಯಕಿ ನನ್ನ ಮನೆಯ ಚೀಲವನ್ನೇ ಬಿಚ್ಚಿದರು. ಒಡೆದ ಗಾಜಿನ ಲೋಟ ಒಂದಿತ್ತು. ಮೊನ್ನೆ ನಾನೇ ಹಾಕಿದ್ದು. ಅವರು ಏನೂ ಹೇಳದೆ ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಇಟ್ಟರು. ತಗಡಿನ ಬಗ್ಗೆ ಸಂಘದಿಂದ ಲಿಖಿತ ದೂರು ಕೊಡುತ್ತಿದ್ದೇವೆ, ಕಲಬೆರಕೆ ಚೀಲವನ್ನು ಗೇಟಿನಲ್ಲೇ ವಾಪಸ್ ಕಳುಹಿಸಬೇಕೆಂದು ಕಾವಲುಗಾರರಿಗೆ ಹೇಳಿದ್ದೇವೆ.

ಗ್ರೀಸ್ ಕೈ · ಗುರುವಾರ ರಾತ್ರಿ 9:30

ಬೆಳಗಿನ ಪಾಳಿ ತಮ್ಮ, ಚೀಲ ಬಿಚ್ಚಲು ಒಂದು ಕೊಕ್ಕೆ ಮಾಡಿ ನೋಡಿದ್ದೇನೆ. ಎಂಟು ಎಂಎಂ ಕಂಬಿ, ತುದಿಯನ್ನು ಗಿಳಿಯ ಕೊಕ್ಕಿನಂತೆ ಬಾಗಿಸಿ ಒಳಬದಿಗೆ ಮಾತ್ರ ಹರಿತ ಮಾಡಿದ್ದೇನೆ. ಚೀಲಕ್ಕೆ ಸಿಕ್ಕಿಸಿ ಎಳೆದರೆ ಹರಿಯುತ್ತದೆ, ಅದರಿಂದಲೇ ಕಸ ಹರವಬಹುದು. ಕೈ ಎರಡು ಅಡಿ ದೂರದಲ್ಲಿರುತ್ತದೆ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ, ಒದ್ದೆಯಾದರೂ ಜಾರುವುದಿಲ್ಲ. ಉದ್ದ ಸರಿ ಮಾಡಬೇಕು. ಅಮ್ಮ ಎಷ್ಟು ಎತ್ತರ ಇದ್ದಾರೆ?

ಪೀಣ್ಯ ಶಿಫ್ಟ್ · 9:41

ತುದಿಗೆ ಒಂದು ಪೊರೆ ಮಾಡಿಕೊಡಿ. ಗಾಡಿ ಕುಲುಕಿದಾಗ ಪಕ್ಕದವರಿಗೆ ತಾಗಬಾರದು.

ಬೆಳಗಿನ ಪಾಳಿ · 9:58

ಅಣ್ಣ, ಐದು ಅಡಿಗೆ ಒಂದು ಅಂಗುಲ ಕಡಿಮೆ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಾರೆ. ಇಎಸ್‌ಐ ಕಚೇರಿಯಲ್ಲಿ ಸಂಖ್ಯೆ ಸಿಕ್ಕಿತು, ಅಪಘಾತ ವರದಿಯ ಅರ್ಜಿಗೆ ಸ್ವೀಕೃತಿಯೂ ಸಿಕ್ಕಿತು. ಮಾತ್ರೆಯಿಂದ ಸ್ವಲ್ಪ ವಾಕರಿಕೆ ಇದೆ, ಬಿಡದೆ ತೆಗೆದುಕೊಳ್ಳುತ್ತಿದ್ದಾರೆ. ಗಾಡಿಯಲ್ಲಿ ಅಮ್ಮನ ಜೊತೆ ಇನ್ನೊಬ್ಬ ಅಕ್ಕ ಇದ್ದಾರೆ, ಎಡಗೈಯವರು. ಅವರಿಗೂ ಒಂದು ಆಗುತ್ತದೆಯೇ?

ಗ್ರೀಸ್ ಕೈ · 10:04

ಆಗುತ್ತದೆ. ಎಡಗೈಗೆ ಕೊಕ್ಕಿನ ಹರಿತ ಇನ್ನೊಂದು ಬದಿಗೆ ಬರಬೇಕು, ಹೇಳಿದ್ದು ಒಳ್ಳೆಯದಾಯಿತು. ಭಾನುವಾರ ಹನ್ನೊಂದಕ್ಕೆ ಇಬ್ಬರನ್ನೂ ಕರೆದುಕೊಂಡು ಬನ್ನಿ, ಕೈಯಲ್ಲಿ ಹಿಡಿಸಿ ನೋಡಿ ಅಳತೆ ಕತ್ತರಿಸುತ್ತೇನೆ.